991 ಪಂದ್ಯ, 116 ಗೋಲು: ಮ್ಯಾನಿ ಮಲ್ಹೋತ್ರಾ ಬಗ್ಗೆ ಮಾತಾಡೋಣ ಬನ್ನಿ

ಕ್ಯಾತ್ಸಂದ್ರದ ಅಪ್ಪ

ಎಲ್ಲರಿಗೂ ನಮಸ್ಕಾರ. ತುಮಕೂರು, ಕೋಲಾರದ ಕಡೆ ಐಸ್ ಹಾಕಿ ನೋಡುವವರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ನಾನಂತೂ ನೋಡುತ್ತೇನೆ. ನನ್ನ ತಂಗಿ ಕೆನಡಾದ ವ್ಯಾಂಕೂವರ್ ಹತ್ತಿರ ಇದ್ದಾಳೆ. ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅವರ ಮನೆ ಟಿವಿಯಲ್ಲಿ ಅದೇ ಆಟ. ತಂಗಿಯ ಗಂಡನನ್ನು ಕೇಳಿ ಕೇಳಿ ನಿಯಮ ಕಲಿತೆ. ಅಲ್ಲಿಯ ರಾತ್ರಿ ಪಂದ್ಯ ನಮಗೆ ಬೆಳಗಿನ ತಿಂಡಿ ಹೊತ್ತಿಗೆ ಬರುತ್ತದೆ.

ಇವತ್ತು ಬರೆಯಲು ಕಾರಣ ನನ್ನ ಮಗ. ಒಂಬತ್ತನೇ ಕ್ಲಾಸು. ನಮ್ಮ ಮಾಮೂಲಿ ಹಾಕಿ ಆಡುತ್ತಾನೆ, ಮಣ್ಣಿನ ಮೈದಾನದಲ್ಲಿ. ಸೆಂಟರ್ ಹಾಫ್. ಕಳೆದ ತಿಂಗಳು ಒಂದು ಕಡೆ ಆಯ್ಕೆಗೆ ಹೋಗಿದ್ದ. ಅಲ್ಲಿ ಒಬ್ಬರು ಅವನನ್ನು ಕೇಳಿದ್ದು ಒಂದೇ ಮಾತು: "ಈ ವರ್ಷ ಎಷ್ಟು ಗೋಲು ಹೊಡೆದಿದ್ದೀಯಾ?" ಇವನು "ಎರಡು" ಅಂದ. ಅಲ್ಲಿಗೆ ಮುಗಿಯಿತು. ಅವನ ಕೆಲಸ ಎದುರಾಳಿಯ ಸ್ಟಿಕ್ಕಿನಿಂದ ಚೆಂಡು ಕಸಿದು ಮುಂದಿನವನಿಗೆ ಕೊಡುವುದು. ಅದನ್ನು ಯಾರೂ ಕೇಳಲಿಲ್ಲ. ಮನೆಗೆ ಬಂದು ಸ್ಟಿಕ್ ಅಟ್ಟಕ್ಕೆ ಹಾಕಿದ. ಮೂರು ವಾರ ಆಯಿತು, ಇನ್ನೂ ಇಳಿಸಿಲ್ಲ.

ನಾನು ಅವನಿಗೆ ಮ್ಯಾನಿ ಮಲ್ಹೋತ್ರಾ ಅನ್ನುವ ಐಸ್ ಹಾಕಿ ಆಟಗಾರನ ಕಥೆ ಹೇಳಬೇಕು ಅಂದುಕೊಂಡಿದ್ದೇನೆ. ಸರಿಯಾಗಿ ಹೇಳಬೇಕು. ಅದಕ್ಕೇ ಮೊದಲು ನಿಮ್ಮ ಹತ್ತಿರ ಬಂದೆ.

ನನಗೆ ಗೊತ್ತಿರುವುದು ಇಷ್ಟು. ಹುಟ್ಟಿದ್ದು 1980ರಲ್ಲಿ, ಕೆನಡಾದ ಮಿಸ್ಸಿಸಾಗಾದಲ್ಲಿ. ಅಪ್ಪ ಪಂಜಾಬಿ ಮೂಲದವರು, ರಸಾಯನಶಾಸ್ತ್ರ ಓದಿದವರು. ಅಮ್ಮ ಫ್ರೆಂಚ್ ಮಾತಾಡುವ ಕೆನಡಾದವರು. 1998ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ಅವನನ್ನು ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) 7ನೇ ಆಯ್ಕೆಯಾಗಿ ತೆಗೆದುಕೊಂಡಿತು. ಹದಿನೆಂಟು ವರ್ಷಕ್ಕೆ ಎನ್‌ಎಚ್‌ಎಲ್, ಅಂದರೆ ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್. ಅದೇ ವರ್ಷ ಅದೇ ತಂಡದಲ್ಲಿ ಈ ಆಟದ ಅತಿ ದೊಡ್ಡ ಹೆಸರಾದ ವೇಯ್ನ್ ಗ್ರೆಟ್‌ಸ್ಕಿ ತನ್ನ ಕೊನೆಯ ಋತು ಆಡುತ್ತಿದ್ದರು. ಆಮೇಲೆ ಡಲ್ಲಾಸ್, ಕೊಲಂಬಸ್, ಸ್ಯಾನ್ ಹೋಸೆ, ವ್ಯಾಂಕೂವರ್, ಕ್ಯಾರೊಲಿನಾ, ಮಾಂಟ್ರಿಯಲ್. ಒಟ್ಟು 991 ಪಂದ್ಯ.

ಗುಬ್ಬಿ ಹುಡುಗ

ಅಣ್ಣ, ತಪ್ಪು ತಿಳಿಯಬೇಡಿ. ಮಗನಿಗೆ ಧೈರ್ಯ ಹೇಳಬೇಕು ಸರಿ. ಆದರೆ ಲೆಕ್ಕ ಹಾಕಿ ನೋಡಿದೆ. 991 ಪಂದ್ಯಕ್ಕೆ 116 ಗೋಲು ಅಂದರೆ ಎಂಟೂವರೆ ಪಂದ್ಯಕ್ಕೆ ಒಂದು. ಗ್ರೆಟ್‌ಸ್ಕಿ 1,487 ಪಂದ್ಯದಲ್ಲಿ 894 ಗೋಲು, ಅಂದರೆ ಐದು ಪಂದ್ಯಕ್ಕೆ ಮೂರು. 7ನೇ ಆಯ್ಕೆ ಅಂದರೆ ಆ ವರ್ಷ ಇಡೀ ಜಗತ್ತಿನಲ್ಲಿ ಇವನಿಗಿಂತ ಮೊದಲು ಆರು ಹುಡುಗರು ಮಾತ್ರ ಅಂತ ಅಲ್ವಾ? ಅಷ್ಟು ಮೇಲೆ ಆರಿಸಿದವನಿಂದ ಗೋಲು ಕೇಳುವುದು ತಪ್ಪಾ? ಹುಡುಗನಿಗೆ ಹೇಳಲು ಬೇರೆ ಯಾರಾದರೂ ಸಿಗಲ್ವಾ?

ಕ್ಯಾತ್ಸಂದ್ರದ ಅಪ್ಪ

ತಪ್ಪು ಯಾಕೆ ತಿಳಿಯಲಿ ತಮ್ಮಾ. ಇದೇ ಪ್ರಶ್ನೆ ನನ್ನ ಮಗನೂ ಕೇಳುತ್ತಾನೆ. ಉತ್ತರ ನನ್ನ ಹತ್ತಿರ ಪೂರ್ತಿ ಇಲ್ಲ.

ಶಿಡ್ಲಘಟ್ಟ ಟು ಸರ್ರೆ

ನಾನು ಹೇಳುತ್ತೇನೆ ಸರ್. ನಮ್ಮದು ಶಿಡ್ಲಘಟ್ಟ, ಮನೆಯಲ್ಲಿ ಇವತ್ತಿಗೂ ರೇಷ್ಮೆ ಹುಳ ಸಾಕುತ್ತಾರೆ. ನಾನು ಇರುವುದು ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ. 2010ರಲ್ಲಿ ಬಂದೆ. ಮಲ್ಹೋತ್ರಾ ವ್ಯಾಂಕೂವರ್‌ಗೆ ಬಂದಿದ್ದೂ ಅದೇ ವರ್ಷ. ನಾನು ಕಂಡ ಮೊದಲ ಋತು ಅದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಫೇಸ್‌ಆಫ್ ಅಂದರೆ ಏನು ಅಂತ ಹೇಳಬೇಕು. ಐಸ್ ಹಾಕಿಯಲ್ಲಿ ಆಟ ನಿಂತಾಗಲೆಲ್ಲ ಮತ್ತೆ ಶುರುವಾಗುವುದು ಫೇಸ್‌ಆಫ್‌ನಿಂದ. ಎರಡೂ ತಂಡದ ಒಬ್ಬೊಬ್ಬರು ಎದುರುಬದುರು ಬಗ್ಗಿ ನಿಲ್ಲುತ್ತಾರೆ. ಲೈನ್ಸ್‌ಮನ್ (ರೆಫರಿಯ ಸಹಾಯಕ) ನಡುವೆ ಪಕ್ ಬೀಳಿಸುತ್ತಾನೆ; ಚೆಂಡಿನ ಬದಲು ಬಳಸುವ ಬಿಲ್ಲೆ ಅದು. ಅದು ಮಂಜನ್ನು ಮುಟ್ಟುವ ಹೊತ್ತಿಗೆ ಯಾರ ಸ್ಟಿಕ್ ಮೊದಲು ಬೀಸುತ್ತದೋ ಅವರ ತಂಡಕ್ಕೆ ಪಕ್. ಕಣ್ಣು ಮಿಟುಕಿಸುವಷ್ಟು ಹೊತ್ತು ಅಷ್ಟೇ. ಒಂದು ಪಂದ್ಯದಲ್ಲಿ ಇಂಥದ್ದು ಐವತ್ತು ಅರವತ್ತು ಸಲ ನಡೆಯುತ್ತದೆ.

ಈಗ ಯೋಚಿಸಿ. ಫೇಸ್‌ಆಫ್ ನಿಮ್ಮ ಗೋಲ್‌ಕೀಪರ್ ಪಕ್ಕದಲ್ಲೇ ಇದೆ. ಸೋತರೆ ಎದುರಾಳಿ ಅಲ್ಲಿಂದಲೇ ಹೊಡೆಯುತ್ತಾನೆ. ಗೆದ್ದರೆ ಪಕ್ ಹೊರಗೆ ಹೋಯಿತು, ಗಂಡಾಂತರ ತಪ್ಪಿತು. ಆ ಜಾಗಕ್ಕೆ ಕೋಚ್ ಅಲೆನ್ ವಿನ್ಯೊ ಕಳಿಸುತ್ತಿದ್ದುದು ಮಲ್ಹೋತ್ರಾನನ್ನು. ಹೆಚ್ಚಿನ ಸಲ ಅವನನ್ನೇ. ಹತ್ತರಲ್ಲಿ ಆರಕ್ಕೂ ಜಾಸ್ತಿ ಫೇಸ್‌ಆಫ್ ಆ ವರ್ಷ ಅವನು ಗೆದ್ದ. ಐದು ಗೆದ್ದರೆ ಸಾಧಾರಣ, ಐದೂವರೆ ಗೆದ್ದರೆ ಬಲು ಒಳ್ಳೆಯವನು ಅನ್ನುವ ಕಡೆ ಇದು.

ಇದರಿಂದ ಆಗಿದ್ದು ಏನು ಗೊತ್ತಾ? ನಮ್ಮ ತಂಡದಲ್ಲಿ ಸೆಡಿನ್ ಅವಳಿಗಳು ಇದ್ದರು, ಸ್ವೀಡನ್‌ನವರು, ಡೇನಿಯಲ್ ಮತ್ತು ಹೆನ್ರಿಕ್. ಕಾವಲು ಕೆಲಸ ಮಲ್ಹೋತ್ರಾ ಹೊತ್ತುಕೊಂಡಿದ್ದರಿಂದ ಅವಳಿಗಳನ್ನು ಕೋಚ್ ಎದುರಾಳಿಯ ಗೋಲಿನ ಹತ್ತಿರದ ಫೇಸ್‌ಆಫ್‌ಗೇ ಕಳಿಸಬಹುದಾಗಿತ್ತು. ಆ ಋತುವಿನಲ್ಲಿ ಡೇನಿಯಲ್ 104 ಅಂಕ ಗಳಿಸಿ ಇಡೀ ಲೀಗ್‌ಗೆ ಮೊದಲಿಗನಾದ. ಗೋಲು, ಗೋಲಿಗೆ ನೆರವು ಎರಡನ್ನೂ ಕೂಡಿಸಿ ಅಂಕ ಅನ್ನುತ್ತಾರೆ. ತಂಡ ಲೀಗ್ ಹಂತದಲ್ಲಿ 117 ಅಂಕದೊಂದಿಗೆ (ಇದು ಪಂದ್ಯದ ಫಲಿತಾಂಶಕ್ಕೆ ತಂಡಕ್ಕೆ ಸಿಗುವ ಅಂಕ, ಬೇರೆ) ಎಲ್ಲರಿಗಿಂತ ಮೇಲೆ ಬಂತು. ಆ 104ರ ಪಕ್ಕದಲ್ಲಿ ಮಲ್ಹೋತ್ರಾ ಹೆಸರು ಎಲ್ಲೂ ಬರೆದಿಲ್ಲ. ಆದರೆ ಇಲ್ಲಿನ ಬಸ್ಸಿನಲ್ಲಿ ಪಕ್ಕ ಕೂತ ಯಾರನ್ನು ಬೇಕಾದರೂ ಕೇಳಿ, ಅವರಿಗೆ ಗೊತ್ತು.

ಗುಬ್ಬಿ ಅವರೇ, ನಿಮ್ಮ ಇನ್ನೊಂದು ಮಾತಿಗೂ ಉತ್ತರ ಇದೆ. ರೇಂಜರ್ಸ್ ಅವನಿಂದ ಗೋಲೇ ಬಯಸಿತ್ತು. ಅದು ಬರಲಿಲ್ಲ. 2002ರಲ್ಲಿ ಡಲ್ಲಾಸ್‌ಗೆ ಕೊಟ್ಟರು. 2003ರಲ್ಲಿ ಡಲ್ಲಾಸೂ ಬಿಟ್ಟಿತು, ಕೊಲಂಬಸ್ ಎತ್ತಿಕೊಂಡಿತು. ಇಪ್ಪತ್ಮೂರು ವರ್ಷಕ್ಕೆ ಎರಡು ತಂಡಕ್ಕೆ ಬೇಡವಾದವನು ಅವನು. ಬೇರೆ ಕೆಲಸ ಕಲಿತು ನಿಂತ. ಎದುರಾಳಿಯ ಒಳ್ಳೆಯ ಆಟಗಾರನನ್ನು ಕಟ್ಟಿಹಾಕುವುದು, ನಮ್ಮವನೊಬ್ಬ ಎರಡು ನಿಮಿಷದ ಶಿಕ್ಷೆಗೆ ಹೊರಗೆ ಕೂತಾಗ ನಾಲ್ಕೇ ಜನ ಸೇರಿ ಗೋಲು ತಡೆಯುವುದು, ಫೇಸ್‌ಆಫ್. ಇದರ ಮೇಲೇ ಬದುಕಿ ಒಟ್ಟು ಹದಿನಾರು ಋತು ಮುಗಿಸಿದ.

ರಾಬರ್ಟ್‌ಸನ್‌ಪೇಟೆ ಹಳೆ ಹಾಫ್

ಸರ್ರೆ ತಮ್ಮಾ, ನೀವು ಹೇಳಿದ ಫೇಸ್‌ಆಫ್ ನಮ್ಮ ಕಾಲದ ಬುಲ್ಲಿ ಕಣಪ್ಪ. ನಾನು ಕೆಜಿಎಫ್‌ನವನು, ಈಗ ಅರವತ್ತೇಳು. ನಾವು ಆಡುವಾಗ ಹಾಕಿ ಶುರುವಾಗುತ್ತಿದ್ದದ್ದೇ ಬುಲ್ಲಿಯಿಂದ. ಇಬ್ಬರು ಎದುರು ನಿಂತು ಸ್ಟಿಕ್ ನೆಲಕ್ಕೆ ಒಂದು, ಸ್ಟಿಕ್ಕಿಗೆ ಸ್ಟಿಕ್ ಒಂದು, ಹೀಗೆ ಮೂರು ಸಲ ತಟ್ಟಿ ಚೆಂಡಿಗೆ ನುಗ್ಗಬೇಕು. ಮೂರನೇ ಟಕ್ ಶಬ್ದ ಈಗಲೂ ಕಿವಿಯಲ್ಲಿದೆ. ಆಮೇಲೆ ಅದನ್ನು ತೆಗೆದು ಪಾಸ್‌ನಿಂದ ಶುರು ಮಾಡಿದರು. ಈಗ ಎಲ್ಲೋ ಆಟ ನಿಂತಾಗ ಮಾತ್ರ ಬುಲ್ಲಿ ಕೊಡುತ್ತಾರೆ.

ನಾನೂ ಸೆಂಟರ್ ಹಾಫ್. ನಮ್ಮಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿದ್ದ ಗಣಿ ಅದು. ಕೆಳಗೆ ಕಲ್ಲು ಜರಿಯದ ಹಾಗೆ ಮರದ ಆಸರೆ ಕೊಡುವ ತಂಡದಲ್ಲಿದ್ದರು. ಚಿನ್ನ ತೆಗೆದ ಲೆಕ್ಕದಲ್ಲಿ ಅವರ ಹೆಸರು ಬರುತ್ತಿರಲಿಲ್ಲ. ಆದರೆ ಕೆಳಗೆ ಇಳಿಯುವವರೆಲ್ಲ ಮೊದಲು ಕೇಳುತ್ತಿದ್ದದ್ದು "ಇವತ್ತು ಆಸರೆಗೆ ಯಾರು?" ಅಂತ. ನಿಮ್ಮ ಬರಹ ಓದುತ್ತಾ ಅಪ್ಪ ನೆನಪಾದರು.

ಕ್ಯಾತ್ಸಂದ್ರದವರೇ, ಮಗನಿಗೆ ಹೇಳಿ, ಸೆಂಟರ್ ಹಾಫ್‌ಗೆ ಎರಡು ಗೋಲು ಬೇಕಾದಷ್ಟಾಯಿತು.

ಗುಬ್ಬಿ ಹುಡುಗ

ಸರ್ರೆ ಅಣ್ಣ ಹೇಳಿದ್ದು ಓದಿ ನನ್ನ ಲೆಕ್ಕ ತಪ್ಪು ಕಡೆಯಿಂದ ಶುರುವಾಗಿತ್ತು ಅನಿಸಿತು. ಕ್ರಿಕೆಟ್‌ನಲ್ಲಿ ದ್ರಾವಿಡ್ 2003ರ ವಿಶ್ವಕಪ್‌ನಲ್ಲಿ ಕೀಪಿಂಗ್ ಮಾಡಿದರಲ್ಲ, ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಸೇರಿಸಲು ಜಾಗ ಆಗಲಿ ಅಂತ. ಅದನ್ನು ರನ್ ಪಟ್ಟಿಯಲ್ಲಿ ಎಲ್ಲಿ ಹುಡುಕುವುದು? ಇದೂ ಅಂಥದ್ದೇ.

ಆದರೆ 991ಕ್ಕೆ ಯಾಕೆ ನಿಂತಿತು? ಇನ್ನು ಒಂಬತ್ತು ಆಡಿದ್ದರೆ ಸಾವಿರ ಆಗುತ್ತಿತ್ತು.

ಶಿಡ್ಲಘಟ್ಟ ಟು ಸರ್ರೆ

ಸಾವಿರ ಪಂದ್ಯ ಆಡಿದವರಿಗೆ ಬೆಳ್ಳಿ ಸ್ಟಿಕ್ ಕೊಡುತ್ತಾರೆ. ಅದು ಅವನಿಗೆ ಸಿಗಲಿಲ್ಲ. ಕಾರಣ ಕಣ್ಣು.

2011ರ ಮಾರ್ಚ್ 16. ಕೊಲೊರಾಡೊ ವಿರುದ್ಧ ಪಂದ್ಯ. ಪಕ್ ಒಂದು ಸ್ಟಿಕ್ಕಿಗೆ ತಗುಲಿ ಮೇಲೆ ಚಿಮ್ಮಿ ನೇರ ಎಡಗಣ್ಣಿಗೆ ಬಡಿಯಿತು. ಮುಖದ ಮುಂದೆ ವೈಸರ್, ಅಂದರೆ ಹೆಲ್ಮೆಟ್ಟಿನಿಂದ ಕಣ್ಣಿಗೆ ಅಡ್ಡ ಬರುವ ಪಾರದರ್ಶಕ ಕವಚ, ಇರಲಿಲ್ಲ. ಆಗ ಅದು ಕಡ್ಡಾಯ ಇರಲಿಲ್ಲ, ಹಾಕದೇ ಆಡುವವರು ಬಹಳ ಜನ. ನಾನು ಆ ಪಂದ್ಯ ಟಿವಿಯಲ್ಲಿ ನೋಡುತ್ತಿದ್ದೆ. ಮುಖ ಹಿಡಿದುಕೊಂಡು ಒಳಗೆ ಓಡಿದ. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಒಂದಲ್ಲ, ಹಲವು ಶಸ್ತ್ರಚಿಕಿತ್ಸೆ ಆಯಿತು. ಈ ಋತು ಮುಗಿಯಿತು ಅಂತ ತಂಡವೇ ಹೇಳಿತು.

ಆದರೆ ತಂಡ ಗೆಲ್ಲುತ್ತಾ ಹೋಗಿ ಎನ್‌ಎಚ್‌ಎಲ್ ಚಾಂಪಿಯನ್‌ಗೆ ಕೊಡುವ ಸ್ಟಾನ್ಲಿ ಕಪ್ ಫೈನಲ್‌ಗೆ ಬಂತು. ಬೋಸ್ಟನ್ ಎದುರಾಳಿ. ಏಳು ಪಂದ್ಯದಲ್ಲಿ ನಾಲ್ಕು ಗೆದ್ದವರಿಗೆ ಕಪ್. ಜೂನ್ 4, ಎರಡನೇ ಪಂದ್ಯ. ಮುಖ ಪೂರ್ತಿ ಮುಚ್ಚುವ ಕವಚ ಹಾಕಿಕೊಂಡು ಮಲ್ಹೋತ್ರಾ ಮಂಜಿನ ಮೇಲೆ ಬಂದ. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಏಟು ಬಿದ್ದು ಮೂರು ತಿಂಗಳೂ ಆಗಿರಲಿಲ್ಲ. ಅವನು ಆಡಿದ್ದು ಸ್ವಲ್ಪ ಹೊತ್ತು, ಅದೂ ಫೇಸ್‌ಆಫ್‌ಗಾಗಿ. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ ಹನ್ನೊಂದನೇ ಸೆಕೆಂಡಿನಲ್ಲಿ ಬರ್ರೋಸ್ ಗೋಲಿನಿಂದ ನಾವು 3-2ಕ್ಕೆ ಗೆದ್ದೆವು. ಕೊನೆಗೆ ಕಪ್ ಸಿಗಲಿಲ್ಲ, ಏಳನೇ ಪಂದ್ಯ ಸೋತೆವು. ಆ ದುಃಖ ಈ ಊರಿಗೆ ಇನ್ನೂ ಇದೆ. ಆದರೆ ಜೂನ್ 4ರ ಆ ಸದ್ದು ನಾನು ಮರೆಯಲಾರೆ.

ಕೋಲಾರದ ಕಣ್ಣಿನ ಸಿಸ್ಟರ್

ನಾನು ಆಟ ನೋಡುವವಳಲ್ಲ. ಕಣ್ಣಿನ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ನರ್ಸ್. ಕಣ್ಣು ಅಂತ ಕಂಡಿದ್ದಕ್ಕೆ ಓದಿದೆ. ಒಂದು ವಿಷಯ ಕೇಳಬೇಕು. ಆ ಪಕ್ ಎಷ್ಟು ತೂಕ?

ಶಿಡ್ಲಘಟ್ಟ ಟು ಸರ್ರೆ

156ರಿಂದ 170 ಗ್ರಾಂ ಅಕ್ಕ. ಗಟ್ಟಿ ರಬ್ಬರಿನ ಬಿಲ್ಲೆ, ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಪುಟಿಯಬಾರದು ಅಂತ ಪಂದ್ಯಕ್ಕೆ ಮೊದಲು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಜೋರಾಗಿ ಹೊಡೆದರೆ ಗಂಟೆಗೆ 160 ಕಿಲೋಮೀಟರ್ ದಾಟುತ್ತದೆ.

ರಾಬರ್ಟ್‌ಸನ್‌ಪೇಟೆ ಹಳೆ ಹಾಫ್

ನಮ್ಮ ಹಾಕಿ ಚೆಂಡು 156ರಿಂದ 163 ಗ್ರಾಂ. ಕ್ರಿಕೆಟ್ ಚೆಂಡೂ ಹತ್ತಿರ ಹತ್ತಿರ ಅಷ್ಟೇ. ಮೂರೂ ಒಂದೇ ತೂಕ ನೋಡಿ!

ಕೋಲಾರದ ಕಣ್ಣಿನ ಸಿಸ್ಟರ್

ಅದೇ ನನ್ನ ಸಂಕಟ. ನಮ್ಮಲ್ಲಿ ಬೇಸಿಗೆ ರಜೆ ಬಂತು ಅಂದರೆ ಹುಡುಗರು ಚೆಂಡು ಬಡಿಸಿಕೊಂಡು ಬರುತ್ತಾರೆ, ಚಿನ್ನಿ ಬಡಿಸಿಕೊಂಡು ಬರುತ್ತಾರೆ. ಏಟು ಬಿದ್ದ ತಕ್ಷಣ ಕಣ್ಣಿನ ಮುಂಭಾಗದಲ್ಲಿ ರಕ್ತ ತುಂಬಿಕೊಳ್ಳಬಹುದು. ಒಳಗಿನ ಪರದೆ ಕಿತ್ತು ಬರಬಹುದು. ಹೊರಗಿಂದ ಸುಮ್ನೆ ಕೆಂಪಗೆ ಕಾಣುತ್ತದೆ, ಮನೆಯವರು "ನಾಳೆ ನೋಡೋಣ" ಅನ್ನುತ್ತಾರೆ. ಆ ಒಂದು ದಿನದಲ್ಲಿ ನೋಟ ಹೋದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಇಷ್ಟು ನೆನಪಿಡಿ: ಉಜ್ಜಬೇಡಿ, ಒತ್ತಬೇಡಿ. ಮನೆಯ ಔಷಧಿ ಏನೂ ಹಾಕಬೇಡಿ. ಕಣ್ಣಿಗೆ ತಾಗದ ಹಾಗೆ ಕಾಗದದ ಲೋಟ ಮುಚ್ಚಿ, ತಲೆ ಎತ್ತರದಲ್ಲಿಟ್ಟು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.

ಇನ್ನೊಂದು. ಒಂದು ಕಣ್ಣಿನ ನೋಟ ಹೋದವರಿಗೆ ದೂರ ಹತ್ತಿರದ ಅಂದಾಜು ತಪ್ಪುತ್ತದೆ. ಮೊದಮೊದಲು ಲೋಟಕ್ಕೆ ನೀರು ಹಾಕಿದರೆ ಹೊರಗೆ ಚೆಲ್ಲುತ್ತಾರೆ. ತಲೆ ಅತ್ತಿತ್ತ ಆಡಿಸಿ, ನೆರಳು, ಗಾತ್ರ ನೋಡಿ ಮೆದುಳು ನಿಧಾನಕ್ಕೆ ಕಲಿಯುತ್ತದೆ. ತಿಂಗಳುಗಟ್ಟಲೆ ಬೇಕು. ಅಂಥದ್ದರಲ್ಲಿ ಬೀಳುತ್ತಿರುವ ಬಿಲ್ಲೆಯನ್ನು ಎದುರಿನವನಿಗಿಂತ ಮೊದಲು ಮುಟ್ಟುವುದು ಅಂದರೆ... ನನಗೆ ಮೈ ಜುಂ ಅಂದಿತು.

ಗುಬ್ಬಿ ಹುಡುಗ

ಪಟೌಡಿ ಇದ್ದರಲ್ಲ ಮೇಡಂ. 1961ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಕಾರ್ ಅಪಘಾತ, ಬಲಗಣ್ಣಿನ ನೋಟ ಹೋಯಿತು. ಅದೇ ಡಿಸೆಂಬರ್‌ನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಆಡಿದರು. ಮಾರ್ಚ್‌ನಲ್ಲಿ ಕ್ಯಾಪ್ಟನ್, ವಯಸ್ಸು 21. ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್‌ಗೆ 2012ರಲ್ಲಿ ಬೇಲ್ ಹಾರಿ ಕಣ್ಣಿಗೆ ಬಿತ್ತು, ಅವರ ಆಟ ಅಲ್ಲಿಗೇ ನಿಂತಿತು.

ಶಿಡ್ಲಘಟ್ಟ ಟು ಸರ್ರೆ

ಮಲ್ಹೋತ್ರಾ ಇವರಿಬ್ಬರ ನಡುವೆ ಎಲ್ಲೋ ಇದ್ದಾನೆ. ಮುಂದಿನ ಋತು ಪೂರ್ತಿ ಆಡಿದ. ಮೊದಲಿನ ಹಾಗೆ ಇರಲಿಲ್ಲ, ಅದು ಕಾಣುತ್ತಿತ್ತು. ಪಕ್ಕದಿಂದ ಬಂದು ಗುದ್ದುವವರು ತಡವಾಗಿ ಕಣ್ಣಿಗೆ ಬೀಳುತ್ತಿದ್ದರು. 2013ರ ಫೆಬ್ರವರಿಯಲ್ಲಿ ತಂಡದ ಜನರಲ್ ಮ್ಯಾನೇಜರ್ ಮೈಕ್ ಗಿಲ್ಲಿಸ್ ಅವನನ್ನು ಗಾಯಾಳುಗಳ ಪಟ್ಟಿಗೆ ಹಾಕಿ ಆ ಋತುವಿಗೆ ಆಟ ನಿಲ್ಲಿಸಿದರು. ಇವನಿಗೆ ಇನ್ನೊಂದು ದೊಡ್ಡ ಏಟು ಬೀಳಬಾರದು ಅನ್ನುವುದು ಕಾರಣ. ಆದರೆ ಮಲ್ಹೋತ್ರಾಗೆ ಆಡುವ ಆಸೆ ಇತ್ತು.

ಕೋಲಾರದ ಕಣ್ಣಿನ ಸಿಸ್ಟರ್

ತಂಡದವರು ಮಾಡಿದ್ದು ಸರಿ. ನೂರಕ್ಕೆ ನೂರು ಸರಿ. ಇರುವ ಇನ್ನೊಂದು ಕಣ್ಣು ಯಾರು ತಂದುಕೊಡುತ್ತಾರೆ?

ರಾಬರ್ಟ್‌ಸನ್‌ಪೇಟೆ ಹಳೆ ಹಾಫ್

ಸಿಸ್ಟರ್ ಅಮ್ಮಾ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. 2001ರ ಫೆಬ್ರವರಿಯಲ್ಲಿ ನಮ್ಮ ಗಣಿ ಮುಚ್ಚಿದರು. ನಲವತ್ತು ದಾಟಿದ ಗಂಡಸರು, ಕೈಯಲ್ಲಿ ಕಸುಬು ಇದೆ, ಮಾಡಲು ಜಾಗ ಇಲ್ಲ. ನಿಮ್ಮ ಒಳ್ಳೆಯದಕ್ಕೇ ಅಂತ ಯಾರೋ ಕಾಗದದಲ್ಲಿ ಬರೆದು ಕೊಟ್ಟರೆ ಮನಸ್ಸು ಒಪ್ಪುವುದಿಲ್ಲ. ಕೆಲಸ ಬಿಡುವ ದಿನವನ್ನು ಮನುಷ್ಯ ತಾನೇ ಆರಿಸಿಕೊಳ್ಳಬೇಕು. ಅಷ್ಟಾದರೂ ಅವನಿಗೆ ಸಲ್ಲಬೇಕು ಅಲ್ವಾ.

ಕೋಲಾರದ ಕಣ್ಣಿನ ಸಿಸ್ಟರ್

ನೀವು ಹೇಳುವುದು ಅರ್ಥ ಆಗುತ್ತದೆ ಅಂಕಲ್. ನಮ್ಮ ಅತ್ತೆಯವರ ತಮ್ಮ ಊರಿಗಾಂನವರು. ಗಣಿ ಮುಚ್ಚಿದ ಮೇಲೆ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡಿದ್ದು ಕಂಡಿದ್ದೇನೆ. ಆದರೂ ಕಣ್ಣಿನ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ.

ಶಿಡ್ಲಘಟ್ಟ ಟು ಸರ್ರೆ

ಅವನು ಅಂಕಲ್ ಹೇಳಿದ ದಾರಿಯನ್ನೇ ಹಿಡಿದ. 2013ರ ಅಕ್ಟೋಬರ್‌ನಲ್ಲಿ ಒಂದು ಮೆಟ್ಟಿಲು ಕೆಳಗಿನ ಲೀಗ್‌ಗೆ ಇಳಿದು ಶಾರ್ಲೆಟ್ ಚೆಕರ್ಸ್ ತಂಡಕ್ಕೆ ಪರೀಕ್ಷೆಯ ಮೇಲೆ ಸೇರಿದ. ಹದಿನೈದು ವರ್ಷ ಎನ್‌ಎಚ್‌ಎಲ್ ಆಡಿದವನು ಹೊಸಬರ ಜೊತೆ ನಿಂತು "ನನ್ನನ್ನು ನೋಡಿ" ಅಂದ ಹಾಗೆ. ಕೆಲವೇ ವಾರದಲ್ಲಿ ಕ್ಯಾರೊಲಿನಾ ತಂಡ ಮೇಲಕ್ಕೆ ಕರೆಯಿತು. ಅಲ್ಲಿಯೂ ಮತ್ತೆ ಫೇಸ್‌ಆಫ್ ಗೆಲ್ಲುವುದರಲ್ಲಿ ಲೀಗ್‌ನ ಮುಂದಿನ ಸಾಲಿನಲ್ಲಿ ನಿಂತ. ನೋಟ ಕಡಿಮೆಯಾದ ಕಣ್ಣಿಟ್ಟುಕೊಂಡು. ನಂತರ ಮಾಂಟ್ರಿಯಲ್‌ನಲ್ಲಿ ಒಂದು ಋತು. ಅಲ್ಲಿಗೆ 991.

2013-14ರ ಋತುವಿನಿಂದ 26ಕ್ಕಿಂತ ಕಡಿಮೆ ಪಂದ್ಯ ಆಡಿದ ಎಲ್ಲ ಆಟಗಾರರಿಗೂ ವೈಸರ್ ಕಡ್ಡಾಯ ಆಯಿತು. ಇವನೊಬ್ಬನಿಂದಲೇ ಅಂತ ಹೇಳಲ್ಲ, ಬೇರೆಯವರಿಗೂ ಏಟು ಬಿದ್ದಿತ್ತು. ಆದರೆ ಈಗ ಇಲ್ಲಿ ವೈಸರ್ ಇಲ್ಲದೆ ಆಡುವವರು ತೀರಾ ಕಡಿಮೆ.

ಸ್ಕೇಟಿಂಗ್ ಮೇಷ್ಟ್ರು, ತುಮಕೂರು

ಸ್ವಲ್ಪ ಬೇರೆ ಮಾತು, ಕ್ಷಮಿಸಿ. ನಾನು ಇಲ್ಲಿ ಮಕ್ಕಳಿಗೆ ರೋಲರ್ ಸ್ಕೇಟಿಂಗ್ ಹೇಳಿಕೊಡುತ್ತೇನೆ. ಚಕ್ರದ ಮೇಲೆ ಆಡುವ ಹಾಕಿಯೂ ಇದೆ. ನಮ್ಮ ಮಕ್ಕಳಿಗೆ ಮಂಜು ಎಲ್ಲಿಂದ ಬರಬೇಕು ಅಂತ ಜನ ನಗುತ್ತಾರೆ. ಲಡಾಖ್‌ನಲ್ಲಿ ಕೊಳ ಹೆಪ್ಪುಗಟ್ಟಿದಾಗ ಆಡಿ ಕಲಿತ ಹೆಣ್ಣುಮಕ್ಕಳು ಸೇರಿ ನಮ್ಮ ದೇಶದ ಮಹಿಳಾ ತಂಡ ಕಟ್ಟಿದರು. 2016ರಲ್ಲಿ ಶುರುವಾದ ತಂಡ 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ಮಂಜು ಸಿಗುವವರು ಅವರು. ನನ್ನ ಶಿಷ್ಯರಿಗೆ ಇದನ್ನೇ ಹೇಳುತ್ತಿರುತ್ತೇನೆ.

ಗುಬ್ಬಿ ಹುಡುಗ

ಮಲ್ಹೋತ್ರಾ ಮೊದಲ ಭಾರತ ಮೂಲದವನಾ ಎನ್‌ಎಚ್‌ಎಲ್‌ನಲ್ಲಿ?

ಶಿಡ್ಲಘಟ್ಟ ಟು ಸರ್ರೆ

ಅಲ್ಲ, ರಾಬಿನ್ ಬಾವಾ ಮೊದಲಿಗ. ಇದೇ ಬ್ರಿಟಿಷ್ ಕೊಲಂಬಿಯಾದ ಡಂಕನ್ ಊರಿನವನು. 1989ರಲ್ಲಿ ವಾಷಿಂಗ್ಟನ್ ತಂಡಕ್ಕೆ ಆಡಿದ, ಒಟ್ಟು 61 ಪಂದ್ಯ. ಆಮೇಲೆ ಮಲ್ಹೋತ್ರಾ. ಆಮೇಲೆ ನಮ್ಮ ಸರ್ರೆಯ ಜುಝಾರ್ ಖೈರಾ. ಈಗ ಅರ್ಷದೀಪ್ ಬೈನ್ಸ್, ಅವನೂ ಸರ್ರೆಯವನೇ. ಡ್ರಾಫ್ಟ್‌ನಲ್ಲಿ ಅವನನ್ನು ಯಾರೂ ತೆಗೆದುಕೊಳ್ಳಲಿಲ್ಲ. ಆದರೂ 2024ರಲ್ಲಿ ವ್ಯಾಂಕೂವರ್ ಪರ ಆಡಿದ. ಇಲ್ಲಿ ಪಂಜಾಬಿಯಲ್ಲೇ ಟಿವಿ ಕಾಮೆಂಟರಿ ಬರುತ್ತದೆ. ಕೇಳುವಾಗೆಲ್ಲ ಕನ್ನಡದಲ್ಲೂ ಒಂದು ದಿನ ಬರಲಿ ಅನಿಸುತ್ತದೆ.

ಬೈನ್ಸ್ ಹೆಸರು ಬಂದಿದ್ದಕ್ಕೆ ಕೊನೆಯ ಭಾಗ ಹೇಳಿಬಿಡುತ್ತೇನೆ. ಮಲ್ಹೋತ್ರಾ ಆಟ ಬಿಟ್ಟ ಮೇಲೆ ಕೋಚ್ ಆದ. ಯಾವ ವ್ಯಾಂಕೂವರ್ ತಂಡ ಆಟ ನಿಲ್ಲಿಸಿತ್ತೋ ಅದೇ ತಂಡ ಅವನನ್ನು ಸಹಾಯಕ ಕೋಚ್ ಆಗಿ ಕರೆಯಿತು. ನಂತರ ನಾಲ್ಕು ವರ್ಷ ಟೊರೊಂಟೊ. 2024ರಲ್ಲಿ ವ್ಯಾಂಕೂವರ್‌ನ ಕೆಳಗಿನ ತಂಡವಾದ ಆಬಟ್ಸ್‌ಫರ್ಡ್‌ಗೆ ಮುಖ್ಯ ಕೋಚ್. ಮೊದಲ ವರ್ಷವೇ, 2025ರ ಜೂನ್‌ನಲ್ಲಿ, ಆ ಲೀಗ್‌ನ ಕಾಲ್ಡರ್ ಕಪ್ ಗೆದ್ದರು. ಬೈನ್ಸ್ ಅದೇ ತಂಡದಲ್ಲಿದ್ದ. ಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನು ಗೊತ್ತಾ? ಶಾರ್ಲೆಟ್ ಚೆಕರ್ಸ್ ತಂಡವನ್ನು. ಹನ್ನೆರಡು ವರ್ಷದ ಹಿಂದೆ ಮಸುಕು ಕಣ್ಣಿಟ್ಟುಕೊಂಡು ಪರೀಕ್ಷೆ ಬರೆದ ಹಾಗೆ ಹೋಗಿ ನಿಂತಿದ್ದ ಅದೇ ತಂಡ.

ಕ್ಯಾತ್ಸಂದ್ರದ ಅಪ್ಪ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ನಿನ್ನೆ ರಾತ್ರಿ ಊಟ ಆದ ಮೇಲೆ ಮಗನಿಗೆ ಇದನ್ನು ಮೇಲಿಂದ ಕೆಳಗೆ ಓದಿ ಹೇಳಿದೆ. ನಾನು ಕಥೆ ಕಟ್ಟಿ ಹೇಳುವುದಕ್ಕಿಂತ ನಿಮ್ಮ ಮಾತೇ ಇರಲಿ ಅಂತ. ಆಸರೆ ಕೊಡುವವರ ಮಾತು ಬಂದಾಗ ಅವನ ಅಜ್ಜಿಯೂ ಬಂದು ಕೂತರು. ಅವನು ಹೆಚ್ಚೇನೂ ಮಾತಾಡಲಿಲ್ಲ. "104 ಅಂಕ ಹೊಡೆದವನಿಗೆ ಇದು ಗೊತ್ತಿತ್ತಾ?" ಅಂತ ಒಂದೇ ಕೇಳಿದ. ಗೊತ್ತಿಲ್ಲದೆ ಇರುತ್ತದಾ ಅಂದೆ.

ಸಿಸ್ಟರ್, ಕಣ್ಣಿಗೆ ಹಾಕಿಕೊಳ್ಳುವ ರಕ್ಷಣೆ ಎಂಥದ್ದು ತರಬೇಕು?

ಕೋಲಾರದ ಕಣ್ಣಿನ ಸಿಸ್ಟರ್

ಪಾಲಿಕಾರ್ಬೊನೇಟ್ (ಸುಲಭಕ್ಕೆ ಒಡೆಯದ ಗಟ್ಟಿ ಪ್ಲಾಸ್ಟಿಕ್) ಲೆನ್ಸಿನದ್ದು, ಆಟಕ್ಕೆಂದೇ ಮಾಡಿದ್ದು, ತಲೆಯ ಹಿಂದೆ ಪಟ್ಟಿ ಇರಬೇಕು. ಮಾಮೂಲಿ ಕನ್ನಡಕದಲ್ಲಿ ಆಡಿಸಬೇಡಿ. ಒಡೆದರೆ ಚೂರು ಕಣ್ಣಿಗೇ ಹೋಗುತ್ತದೆ. ಪವರ್ ಇದ್ದರೆ ಅದೇ ಪವರ್‌ಗೆ ಮಾಡಿಸಿಕೊಡುತ್ತಾರೆ.

ರಾಬರ್ಟ್‌ಸನ್‌ಪೇಟೆ ಹಳೆ ಹಾಫ್

ನನ್ನ ಮಗಳ ಮನೆ ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿದೆ. ಈ ಶನಿವಾರ ಬರುತ್ತಿದ್ದೇನೆ. ಹುಡುಗನಿಗೆ ಇಷ್ಟ ಇದ್ದರೆ ಭಾನುವಾರ ಬೆಳಗ್ಗೆ ಬುಲ್ಲಿ ತೋರಿಸುತ್ತೇನೆ. ಬಲವಂತ ಇಲ್ಲ.

ಕ್ಯಾತ್ಸಂದ್ರದ ಅಪ್ಪ

ತಾತಾ, ನಾನು ಮಗ ಬರೆಯುತ್ತಿದ್ದೇನೆ, ಅಪ್ಪನ ಫೋನಿಂದ. ಬುಲ್ಲಿಯಲ್ಲಿ ಬಲಗೈ ಎಷ್ಟು ಕೆಳಗೆ ಹಿಡಿಯಬೇಕು? ಅಟ್ಟದಿಂದ ಸ್ಟಿಕ್ ಇಳಿಸಿದೆ, ಹಿಡಿಯ ಟೇಪ್ ಬಿಚ್ಚಿಹೋಗಿದೆ.

ರಾಬರ್ಟ್‌ಸನ್‌ಪೇಟೆ ಹಳೆ ಹಾಫ್

ಚೆನ್ನಾಗಿ ಬಗ್ಗಿ ನಿಂತರೆ ಬಲಗೈ ಮೊಣಕಾಲಿನ ಹತ್ತಿರ ಬರಬೇಕು ಕಂದಾ. ಟೇಪ್ ನಾನು ತರುತ್ತೇನೆ. ಆರೂವರೆಗೆ ಮೈದಾನದಲ್ಲಿರು. ಸಿಸ್ಟರ್ ಹೇಳಿದ ಕನ್ನಡಕ ಬಾರದ ತನಕ ತಟ್ಟುವುದು ಮಾತ್ರ, ಚೆಂಡು ಇಡಲ್ಲ.